ಕುಲಾಯಿಯ ಅಳತೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಸ್ಕತ್‌ನ ಆ ಕೋಣೆಯ ಗೋಡೆಗಳು ತಿಳಿಹಳದಿ ಬಣ್ಣದವು ಎಂದು ನನ್ನ ನೆನಪು. ಗೋಡೆ ಬಿಳಿ, ಹಳದಿ ಇದ್ದದ್ದು ಪರದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ನಾವೆಲ್ಲ ಅಲ್ಲಿ ಸೇರುತ್ತಿದ್ದದ್ದು ಮಂಗಳವಾರ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಡೈರಿ ತೆಗೆದು ನೋಡಿದರೆ ಮೊದಲ ನಾಲ್ಕು ವಾರ ಸೋಮವಾರ ಎಂದಿದೆ. ಸರಿ, ಡೈರಿಯನ್ನೇ ನಂಬೋಣ ಎಂದರೆ, ಅದೇ ಡೈರಿಯಲ್ಲಿ ಒಂದು ಕಡೆ "ಇವತ್ತು ಎರಡು ರೊಟ್ಟಿ ತಿಂದೆ, ಮನಸ್ಸು ಪ್ರಸನ್ನವಾಗಿದೆ" ಎಂದು ಬರೆದುಕೊಂಡಿದ್ದೇನೆ. ಆ ವಾರ ಎರಡು ಚಮಚ ಗಂಜಿ ಕೂಡ ನನ್ನ ಹೊಟ್ಟೆಯಲ್ಲಿ ನಿಂತಿರಲಿಲ್ಲ. ಯಾರಾದರೂ ಕದ್ದು ಓದಿಯಾರೆಂಬ ಸಂಕೋಚಕ್ಕೆ ಹಾಗೆ ಬರೆದೆನೋ, ಬರೆದರೆ ನಿಜವಾದೀತೆಂಬ ಆಸೆಗೆ ಬರೆದೆನೋ, ಈಗ ಹೇಳಲಾರೆ.

ಹೋದ ವಾರ ಶಹಾಪುರದ ನಮ್ಮ ಮನೆಗೆ ಬಣ್ಣ ಹಚ್ಚಿಸಲು ಕಪಾಟು ಸರಿಸಿದಾಗ ಈ ಡೈರಿ ಸಿಕ್ಕಿತು. ಬಣ್ಣದವರು ಕೆಲಸ ಶುರುಮಾಡಿದ್ದರು, ನಾನು ನಡುಮನೆಯಲ್ಲಿ ಹಳೆಯ ಪತ್ರಿಕೆಯ ಮೇಲೆ ಕೂತು ಓದತೊಡಗಿದೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಆಧಾರವಿಲ್ಲದೆ ಏನನ್ನೂ ಬರೆಯಬಾರದು ಎಂದು ಮಸ್ಕತ್‌ನ ಶಾಲೆಯಲ್ಲಿ ಮಕ್ಕಳಿಗೆ ವರ್ಷಗಟ್ಟಲೆ ಹೇಳಿದವಳು. ನನ್ನದೇ ಬದುಕಿನ ಎಂಟು ತಿಂಗಳಿಗೆ ನನ್ನ ಬಳಿ ಇರುವ ಆಧಾರಗಳನ್ನು ನೋಡಿ: ಸುಳ್ಳು ಹೇಳುವ ಒಂದು ಡೈರಿ, ಮರೆಯುವ ಒಂದು ತಲೆ, ಮತ್ತು ಗಂಡ.

ಗಂಡನ ಹೆಸರು ಶರಣಪ್ಪ. ಮಸ್ಕತ್‌ನಲ್ಲಿ ರಸ್ತೆ ಕಟ್ಟುವ ಕಂಪನಿಯೊಂದರಲ್ಲಿ ಸರ್ವೇಯರ್ ಆಗಿದ್ದರು. ನಾನು ಅಲ್ಲಿಯ ಶಾಲೆಯಲ್ಲಿ ಟೀಚರ್. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಹತ್ತಿತು. ಆಮೇಲಿನದನ್ನು ನೀವು ಊಹಿಸಬಲ್ಲಿರಿ. ಮೊದಲು ಆಪರೇಷನ್, ನಂತರ ಮೂರು ವಾರಕ್ಕೊಮ್ಮೆ ಸಲೈನ್ ಬಾಟಲಿಯಲ್ಲಿ ಔಷಧ. ಊರಿಗೆ ಹೋಗೋಣ, ಅಲ್ಲೇ ಹೈದರಾಬಾದಿನಲ್ಲಿ ತೋರಿಸೋಣ ಎಂದು ಇವರು. ಬೇಡವೇ ಬೇಡ ಎಂದು ನಾನು. ಶಾಲೆಯ ವಿಮೆ ಇದೆ, ಡಾಕ್ಟರು ಒಳ್ಳೆಯವರು ಎಂದೆಲ್ಲ ಕಾರಣ ಹೇಳಿದೆ. ನಿಜವಾದ ಕಾರಣ ಸುರಪುರದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿತ್ತು.

ಅವಳು ನನ್ನ ಚಿಗವ್ವ, ಅಂದರೆ ಅವ್ವನ ತಂಗಿ. ಅವ್ವನ ಹೊಟ್ಟೆಯಲ್ಲಿ ಗಡ್ಡೆಯಾದಾಗ ನನಗೆ ಎಂಟೋ ಒಂಬತ್ತೋ ವರ್ಷ. ಚಿಗವ್ವ ಒಂದು ವರ್ಷ ಅಕ್ಕನ ಹಾಸಿಗೆಯ ಬದಿಯಲ್ಲೇ ಕೂತಳು, ಅಕ್ಕನನ್ನು ಕಳಿಸಿಕೊಟ್ಟಳು, ಆಮೇಲೆ ನನ್ನನ್ನು ಸಾಕಿದಳು. ತನ್ನ ಮದುವೆಯನ್ನು ಮುಂದೂಡುತ್ತ ಮುಂದೂಡುತ್ತ ಮರೆತೇಬಿಟ್ಟಳು. ಊರಿನ ಅರ್ಧ ಹೆಣ್ಣುಮಕ್ಕಳ ಜಂಪರು ಹೊಲಿದು ನನ್ನನ್ನು ಯಾದಗಿರಿಗೆ ಡಿಗ್ರಿಗೂ ಕಲಬುರಗಿಗೆ ಎಂ.ಎ.ಗೂ ಕಳಿಸಿದಳು. ಆ ಹಾಸಿಗೆಯ ಬದಿಯಲ್ಲಿ ಅವಳನ್ನು ಇನ್ನೊಮ್ಮೆ ಕೂಡಿಸುವುದು ನನ್ನಿಂದಾಗದು. ಅವಳಿಗೆ ಗೊತ್ತಾಗಬಾರದು, ಅಷ್ಟೆ. ಬದುಕಿದರೆ ಹೇಳೋಣ, ಇಲ್ಲದಿದ್ದರೆ ಇವರು ಹೇಳುತ್ತಾರೆ. ಆಗ ನನಗಿದ್ದ ಯೋಜನೆ ಇಷ್ಟೇ.

ಇಂಥ ಯೋಜನೆಯನ್ನು ಎದೆಯಲ್ಲಿಟ್ಟುಕೊಂಡು ನಾನು ಮೊದಲ ಸಲ ಆ ಗುಂಪಿಗೆ ಹೋದೆ. ಆಸ್ಪತ್ರೆಯ ಹಿಂಭಾಗದ ಒಂದು ಕೋಣೆಯಲ್ಲಿ ಇದೇ ಕಾಯಿಲೆಯ ಹೆಂಗಸರು ವಾರಕ್ಕೊಮ್ಮೆ ಕೂಡುತ್ತಾರೆ, ಹೋಗಿ ಬನ್ನಿ ಎಂದು ನರ್ಸ್ ಹೇಳಿದ್ದರು. ಎಲ್ಲರೂ ಸೇರಿ ಅಳುವ ಜಾಗವಿರಬೇಕೆಂದು ಲೆಕ್ಕ ಹಾಕಿ ನಾಲ್ಕು ಕರವಸ್ತ್ರ ಇಟ್ಟುಕೊಂಡು ಹೋದೆ. ಬಾಗಿಲು ತೆಗೆದರೆ ಇಬ್ಬರು ಜಗಳಾಡುತ್ತಿದ್ದರು. ವಿಷಯ, ಔಷಧ ಏರಿಸಿಕೊಂಡ ಮರುದಿನ ಮಾವಿನ ಉಪ್ಪಿನಕಾಯಿ ತಿನ್ನಬಹುದೋ ಇಲ್ಲವೋ.

"ನಕ್ಕೋ ಮಾ, ಬಾಯೆಲ್ಲಾ ಹುಣ್ಣು!" ಎಂದು ಅವರಲ್ಲೊಬ್ಬರು ಕೈ ಬೀಸಿದರು.

ನಕ್ಕೋ! ಬೇಡ ಎನ್ನುವುದಕ್ಕೆ ನಮ್ಮ ಶಹಾಪುರದ ಬಜಾರದಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ಸಮುದ್ರದ ಆಚೆ ಅದನ್ನು ಕೇಳಿ ನನಗೆ ಎಷ್ಟು ಹಿಗ್ಗಾಯಿತೆಂದರೆ, ಕರವಸ್ತ್ರಗಳಲ್ಲಿ ಒಂದು ಅಲ್ಲೇ ಖರ್ಚಾಯಿತು. ಮಾತಾಡಿದವರು ಹೈದರಾಬಾದಿನ ರೆಹಾನಾ ಆಪಾ, ಕನ್ನಡವೂ ಅಷ್ಟಿಷ್ಟು ಬಲ್ಲವರು. ಜಗಳದ ಇನ್ನೊಂದು ಪಕ್ಷ ಕೇರಳದ ಲಿಸ್ಸಿ. ಮೊದಲು ನರ್ಸ್ ಆಗಿದ್ದು, ಈ ಕಾಯಿಲೆಯನ್ನು ತಾವೇ ದಾಟಿ ಬಂದು, ಈಗ ಗುಂಪನ್ನು ನಡೆಸುವವರು. ಮೂಲೆಯಲ್ಲಿ ಕೂತು ನಗುತ್ತಿದ್ದ ದಪ್ಪನೆಯ ಮುದುಕಿ ಆ ಊರಿನವರೇ. ಹಿರಿಮಗನ ಹೆಸರು ಸೇರಿಸಿ ಎಲ್ಲರೂ ಅವರನ್ನು ಉಮ್ಮ್ ಸಾಲಿಂ, ಸಾಲಿಮನ ತಾಯಿ, ಎಂದೇ ಕರೆಯುತ್ತಿದ್ದರು. ಇನ್ನೂ ಏಳೆಂಟು ಜನ ಬರುತ್ತಿದ್ದರು, ಹೋಗುತ್ತಿದ್ದರು. ಈ ಮೂವರು ಮಾತ್ರ ನನ್ನ ಪಾಲಿಗೆ ಉಳಿದರು.

ಅಲ್ಲಿ ಒಂದು ನಿಯಮವಿತ್ತು. "ಹೇಗಿದ್ದೀರಿ?" ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಕೇಳಬೇಕಾದ್ದು "ಏನು ತಿಂದಿರಿ?" ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎಂದು ಸುಳ್ಳು ಹೇಳಬೇಕಾಗುತ್ತದೆ, ತಿಂದದ್ದು ಒಂದು ಬಿಸ್ಕತ್ತು ಎಂದು ಹೇಳಲು ಯಾರಿಗೂ ನಾಚಿಕೆಯಿಲ್ಲ, ಎಂದು ಲಿಸ್ಸಿಯ ವಾದ. ಇನ್ನೊಂದು ಪದ್ಧತಿ, ಹೊಸಬರಿಗೆ ಒಬ್ಬ ಹಳಬರು ಜೋಡಿಯಾಗುವುದು. ಔಷಧ ಏರಿದ ಮರುದಿನ ಆ ಜೋಡಿ ಫೋನ್ ಮಾಡಲೇಬೇಕು. ನನ್ನ ಜೋಡಿ ರೆಹಾನಾ ಆಪಾ. ಡಾಕ್ಟರು ಹೇಳದ ಎಷ್ಟೋ ಸಂಗತಿ ಅವರು ಹೇಳಿದರು. ಬಾಯಿ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ, ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಹಿಡಿ. ಬಾಟಲಿ ಏರುವಾಗ ಮಂಜುಗಡ್ಡೆ ಚೀಪು. ಅಳು ಬಂದರೆ ಸ್ನಾನದ ಮನೆಗೆ ಹೋಗಬೇಡ, ಅಲ್ಲಿ ಜಾರುತ್ತದೆ.

ಕೂದಲು ದಿಂಬಿಗೆ ಹತ್ತತೊಡಗಿದ ದಿನ ಅವರೇ ಗಂಡನ ಗಡ್ಡ ಕತ್ತರಿಸುವ ಯಂತ್ರ ಹಿಡಿದುಕೊಂಡು ಬಂದರು. ನನ್ನ ಜಡೆ ಸೊಂಟದ ಕೆಳಗಿತ್ತು. ಚಿಗವ್ವ ಎಣ್ಣೆ ಹಚ್ಚಿ, ಸೀಗೆಕಾಯಿ ತಿಕ್ಕಿ ಬೆಳೆಸಿದ ಜಡೆ. ಎಲ್ಲ ಮುಗಿದ ಮೇಲೆ ಕನ್ನಡಿ ಹಿಡಿದರು. ಬಲಗಿವಿಯ ಮೇಲೆ ಒಂದು ಹಳೆಯ ಗಾಯದ ಗುರುತು ಕಾಣಿಸಿತು. ಸುರಪುರದ ಗುಡ್ಡದ ಬಂಡೆಯಿಂದ ಸಣ್ಣವಳಿದ್ದಾಗ ಬಿದ್ದದ್ದು. ಆ ಗಾಯ ಎಡಗಡೆ ಇದೆ ಎಂದು ಮೂವತ್ತು ವರ್ಷ ನಂಬಿದ್ದೆ, ಕೇಳಿದವರಿಗೆಲ್ಲ ಎಡಗಡೆಯನ್ನೇ ಮುಟ್ಟಿ ತೋರಿಸಿದ್ದೆ. ಜಡೆ ಹೋದದ್ದಕ್ಕೆ ಅಳಬೇಕೆಂದು ಸಿದ್ಧಳಾಗಿದ್ದವಳು ಈ ಗಾಯ ಕಂಡು ನಗಲು ಶುರುಮಾಡಿದೆ. ನೆನಪಿನ ಬಗ್ಗೆ ನನಗೆ ಅನುಮಾನ ಹುಟ್ಟಿದ್ದು ಅವತ್ತೇ ಇರಬೇಕು. ಮುಂದಿನ ವಾರ ಉಮ್ಮ್ ಸಾಲಿಂ ತಲೆಗೆ ವಸ್ತ್ರ ಸುತ್ತುವುದನ್ನು ಕಲಿಸಿದರು. ಅಲ್ಲಿ ಎಲ್ಲರೂ ತಲೆ ಮುಚ್ಚಿಕೊಳ್ಳುವವರೇ. ನಾನು ಬೋಳಿ ಎಂದು ಬೀದಿಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ತಿಳಿಯುವ ಅಪಾಯವಿದ್ದದ್ದು ಫೋನಿನಲ್ಲಿ. ಚಿಗವ್ವ ವಾರಕ್ಕೆ ಎರಡು ಸಲ ವೀಡಿಯೊ ಕಾಲ್ ಮಾಡುತ್ತಿದ್ದಳು. ಕ್ಯಾಮೆರಾ ಕೆಟ್ಟಿದೆ ಎಂದು ಹೇಳಿ ಬರಿ ಮಾತಿಗೆ ಇಳಿಸಿದೆ. ಹೀಗೆ ಒಂದು ತಿಂಗಳು ದೂಡಿದ ಮೇಲೆ, ಒಂದು ಮಧ್ಯಾಹ್ನ ನಾನು ನಿದ್ದೆಯಲ್ಲಿದ್ದಾಗ ಫೋನ್ ಬಂತು, ಇವರು ಎತ್ತಿದರು. ನಾನು ಎದ್ದಾಗ ಹಾಸಿಗೆಯ ಪಕ್ಕದಲ್ಲಿ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ನಿಂತಿದ್ದರು.

"ಚಿಗವ್ವ ಫೋನ್ ಮಾಡಿದ್ರು. 'ನೀಲಿ ಎಲ್ಲಿದಾಳ್ರಿ ಅಳಿಯಂದ್ರ?' ಅಂದ್ರು. ಮಲಗ್ಯಾಳ ಅಂದೆ. 'ಹಾಡಾಹಗಲ ಯಾಕ ಮಲಗ್ಯಾಳ?' ಅಂದ್ರು. ವಾಂತಿ ಆಗಾಕತ್ತಾವ್ರಿ, ದವಾಖಾನಿಗೆ ಹೋಗಿ ಬಂದಾಳ ಅಂದೆ."

"ಅಯ್ಯ, ಯಾಕ ಹೇಳಿದ್ರಿ? ಆಮ್ಯಾಲೆ?"

"ಆಮ್ಯಾಲೆ ಅವರು ಅಳಾಕ ಹತ್ತಿದ್ರು. ಹನ್ನೆರಡು ವರ್ಷಕ್ಕ ದೇವರು ಕಣ್ಣು ತೆರದ, ನನ್ನ ಮಗಳು ಬಸರಾಗ್ಯಾಳ ಅಂದ್ರು."

"ನೀವೇನಂದ್ರಿ?"

"ಹೂಂ ಅಂದೆ."

"ಹೂಂ ಅಂದ್ರಿ?"

"ಮತ್ತೇನು ಅನ್ನಲಿ? 'ಅಲ್ರಿ, ಅಕಿಗೆ ಕ್ಯಾನ್ಸರ್ ಆಗ್ಯದ' ಅನ್ನಲಾ?"

ಮದುವೆಯಾಗಿ ಹನ್ನೆರಡು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ನಾವಿಬ್ಬರೂ ಆ ಆಸೆ ಬಿಟ್ಟಿದ್ದೆವು, ಚಿಗವ್ವ ಬಿಟ್ಟಿರಲಿಲ್ಲ. ಮೊದಲು ಗಂಡನ ಮೇಲೆ ಸಿಟ್ಟು ಬಂತು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಪರೇಷನ್ನಿನ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕೆವು.

ಸುಳ್ಳು ತಿಂಗಳು ತಿಂಗಳು ಬೆಳೆಯತೊಡಗಿತು. ಭಾರ ಎತ್ತಬ್ಯಾಡ, ಪಪ್ಪಾಯಿ ಮುಟ್ಟಬ್ಯಾಡ, ಎಡ ಮಗ್ಗುಲಿಗೆ ಮಲಗು ಎಂದು ಚಿಗವ್ವನ ಉಪದೇಶ ಬರುತ್ತಿತ್ತು. ಆಪರೇಷನ್ ಆಗಿದ್ದದ್ದೇ ಎಡ ಮಗ್ಗುಲು. ಒಮ್ಮೆ ನಾನು ಬಾಟಲಿ ಏರಿಸಿಕೊಳ್ಳುತ್ತ ಕೂತಾಗಲೇ ಫೋನ್ ಬಂತು. ಪಕ್ಕದಲ್ಲಿದ್ದ ರೆಹಾನಾ ಆಪಾ ಸ್ಪೀಕರ್ ಹಾಕಿಸಿದರು. ಕೊಡೇಕಲ್‌ಗೆ ಹರಕೆ ಹೊತ್ತೇನಿ, ಹೆಣ್ಣಾಗಲಿ ಗಂಡಾಗಲಿ ಕರಕೊಂಡು ಹೋಗೂಣು ಎಂದು ಚಿಗವ್ವ ಹೇಳುತ್ತಿದ್ದಳು. ಆಪಾ ತಲೆ ತಗ್ಗಿಸಿಕೊಂಡು ಕೇಳಿದರು. ಫೋನ್ ಇಟ್ಟ ಮೇಲೆ ಇಷ್ಟೇ ಅಂದರು: "ಬೋಲ್ ದೇ ಮಾ. ಹೇಳಿಬಿಡು. ಪಾಪ, ಇಷ್ಟು ಖುಷಿ ಪಟ್ಟವಳು ಎಷ್ಟು ಅಳಬೇಕಾದೀತು."

ಹೇಳುತ್ತೇನೆ, ಮುಂದಿನ ವಾರ ಎಂದೆ. ಡೈರಿಯಲ್ಲಿ ಈ "ಮುಂದಿನ ವಾರ" ಆರು ಸಲ ಇದೆ. ಇದನ್ನು ಮಾತ್ರ ಎಣಿಸಿ ನೋಡಿದ್ದೇನೆ.

ಇನ್ನು ಒಂದೇ ಬಾಟಲಿ ಬಾಕಿ ಇದ್ದಾಗ ಊರಿನಿಂದ ಒಂದು ಬಟ್ಟೆಯ ಗಂಟು ಬಂತು. ತಂದವರು ಸುರಪುರದ ಪಕ್ಕದ ರಂಗಂಪೇಟೆಯ ಮೆಹಬೂಬ್ ಭಾಯಿ. ನಮ್ಮ ಶಾಲೆಯ ಬಸ್ ಓಡಿಸುವವರು. ರಜೆಗೆ ಊರಿಗೆ ಹೋದವರನ್ನು ಚಿಗವ್ವ ಅವರ ಮನೆತನಕ ಹೋಗಿ ಹಿಡಿದಿದ್ದಳು. ನಮ್ಮ ಕಡೆ ಬಸುರಿಗೆ ತವರಿನವರು ಕುಬಸ ಮಾಡುತ್ತಾರೆ: ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಯಸಿದ್ದನ್ನು ಉಣ್ಣಿಸುವುದು. ತಾನು ಬರಲಾರದ ಚಿಗವ್ವ ಇಡೀ ಕುಬಸವನ್ನೇ ಗಂಟು ಕಟ್ಟಿ ಕಳಿಸಿದ್ದಳು. ಸೀರೆ, ಬಳೆ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ.

ಮನೆಯಲ್ಲಿ ಅದನ್ನು ಬಿಚ್ಚುವ ಧೈರ್ಯ ನನಗೆ ಆಗಲಿಲ್ಲ. ಗಂಟಿನ ಸಮೇತ ಗುಂಪಿಗೆ ಹೋದೆ. ವಿಷಯವೆಲ್ಲ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ರೆಹಾನಾ ಆಪಾ ಕುಬಸ ಎಂದರೇನೆಂದು ಉಮ್ಮ್ ಸಾಲಿಂ ಅವರಿಗೆ ತಿಳಿಸಿ ಹೇಳಿದರು. ಮುದುಕಿ ಎದ್ದು ನಿಂತು ಏನೋ ಅಪ್ಪಣೆ ಕೊಟ್ಟರು. ಆಪಾ ಅದನ್ನು ನನಗೆ ಒಪ್ಪಿಸಿದರು: "ಸೀರೆ ಬಂದಿದೆ, ತಿಂಡಿ ಬಂದಿದೆ, ಹುಡುಗಿ ಕೂತಿದ್ದಾಳೆ. ಇನ್ನೇನು ತಡ ಅಂತಾರೆ."

ನನಗೆ ಹಸಿರು ಸೀರೆ ಸುತ್ತಿದರು. ಲಿಸ್ಸಿ ಬಳೆ ತೊಡಿಸಿದರು. ಅವು ನನ್ನ ಎಂದಿನ ಅಳತೆಯವೇ, ಆದರೆ ಕೈ ಸೊರಗಿದ್ದರಿಂದ ತೋಳು ಇಳಿಬಿಟ್ಟ ಕೂಡಲೇ ಎಲ್ಲವೂ ಜಾರಿ ನೆಲಕ್ಕೆ ಬಿದ್ದು ಟೇಬಲ್ಲಿನ ಕೆಳಗೆ ಉರುಳಿದವು. ಕಾಯಿಲೆಯ ನಾಲ್ಕು ಹೆಂಗಸರು ಬಗ್ಗಿಕೊಂಡು ಬಳೆ ಹುಡುಕಿದ ಆ ದೃಶ್ಯವನ್ನು ನೀವು ನೋಡಬೇಕಿತ್ತು. ಹಾಡು ಬೇಕು ಎಂದಾಯಿತು. ಆಪಾಗೆ ಗೊತ್ತಿದ್ದದ್ದು ಮದುವೆಯ ಹಾಡು, ಅದನ್ನೇ ಡಬ್ಬಿ ಬಾರಿಸುತ್ತ ಹಾಡಿದರು. ಉಮ್ಮ್ ಸಾಲಿಂ ಸಜ್ಜೆ ರೊಟ್ಟಿ ಮುರಿದು ತಿಂದು, ತಮ್ಮ ಕಡೆಯ ರೊಟ್ಟಿ ಇನ್ನೂ ತೆಳ್ಳಗಿರುತ್ತದೆ ಎಂದು ತೀರ್ಪು ಕೊಟ್ಟು, ಇನ್ನೂ ಮೂರು ತಿಂದರು. ನಾನು ಒಂದು ರೊಟ್ಟಿ ತಿಂದೆ. ಡೈರಿಯಲ್ಲೂ ಒಂದೇ ಎಂದಿದೆ.

ಗಂಟಿನ ತಳದಲ್ಲಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿದ್ದ ಇನ್ನೊಂದು ವಸ್ತು ಸಿಕ್ಕಿತು. ಬಿಚ್ಚಿದರೆ ಕುಲಾಯಿ. ಕೂಸಿನ ತಲೆಗೆ ತೊಡಿಸುವ ಟೋಪಿ, ಗಲ್ಲದ ಕೆಳಗೆ ಕಟ್ಟಲು ಎರಡು ಕಸೆ ಇರುವುದು. ಹೊರಗೆ ಕೆಂಪು ಖಣದ ಬಟ್ಟೆ, ಒಳಗೆ ತೊಳೆದು ತೊಳೆದು ಮೆತ್ತಗಾದ ಹಳೆಯ ಬಿಳಿ ಬಟ್ಟೆ. ರೆಹಾನಾ ಆಪಾ ಅದನ್ನು ಬಿಡಿಸಿ ಹಿಡಿದು ಕೂಗಿದರು:

"ಯಾ ಅಲ್ಲಾ! ಇದು ಕೂಸಿನ ತಲೆಯೋ ಕುಂಬಳಕಾಯಿಯೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಪಾ ಅದೇ ನಗುವಿನಲ್ಲಿ ನನ್ನ ತಲೆವಸ್ತ್ರ ಸರಿಸಿ ಕುಲಾಯಿಯನ್ನು ತೊಡಿಸಿದರು. ಅದು ಕೂತಿತು. ಹಣೆಗೆ ಸರಿ, ಕಿವಿಗೆ ಸರಿ, ಹಿಂದೆ ಕುತ್ತಿಗೆಗೆ ಸರಿ. ಕೂದಲಿದ್ದರೆ ಅದು ಕೂಡುತ್ತಿರಲಿಲ್ಲ. ಆಪಾ ಸುಮ್ಮನೆ ಎರಡೂ ಕಸೆಗಳನ್ನು ಗಲ್ಲದ ಕೆಳಗೆ ಕಟ್ಟಿದರು.

ಮನೆಗೆ ಬಂದು ಇವರ ಮುಂದೆ ಹಾಗೇ ನಿಂತೆ. ಚಿಗವ್ವಗೆ ಗೊತ್ತಾಗಿದೆ ಎಂದೆ. ಇವರು ಒಪ್ಪಲಿಲ್ಲ.

"ನಿಮ್ಮ ಚಿಗವ್ವ ಯಾವತ್ತು ಅಳತಿಗೆ ಸರಿಯಾಗಿ ಹೊಲದಾಳ? ನನ್ನ ಮದುವಿ ಅಂಗಿಯೊಳಗ ಇಬ್ಬರು ಶರಣಪ್ಪ ಹಿಡಿಸತಿದ್ರು."

ಅದೂ ನಿಜವೇ. ಮನೆಯವರಿಗೆ ಹೊಲಿಯುವಾಗ ಚಿಗವ್ವನ ಕೈ ಯಾವಾಗಲೂ ಧಾರಾಳ. ನನ್ನ ಐದನೆಯ ತರಗತಿಯ ಲಂಗ ಎಂಟನೆಯವರೆಗೆ ಬಂತು. ಪ್ರತಿ ವರ್ಷ ಜೂನ್‌ನಲ್ಲಿ ಒಂದು ಮಡಿಕೆ ಬಿಚ್ಚುತ್ತಿದ್ದಳು. ಬಿಚ್ಚಿದ ಕಡೆ ಬಟ್ಟೆಯ ಬಣ್ಣ ಹೊಸದಾಗಿ, ನನ್ನ ಲಂಗದ ಅಂಚಿನಲ್ಲಿ ಮೂರು ವರ್ಷದ ಮೂರು ಪಟ್ಟೆ ಕಾಣುತ್ತಿದ್ದವು. ಗೆಳತಿಯರು ನಗುತ್ತಾರೆ ಎಂದರೆ "ನೀ ಬೆಳಿಯಾಕಿ, ಅರಿವಿ ಬೆಳಿತದೇನ?" ಎನ್ನುವಳು. ಈ ಲೆಕ್ಕದಲ್ಲಿ ಕೂಸಿನ ಕುಲಾಯಿ ನನಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅದಲ್ಲದೆ, ಗೊತ್ತಿದ್ದವಳಾದರೆ ಬಳೆಯನ್ನು ಯಾಕೆ ಹಳೆಯ ಅಳತೆಯಲ್ಲೇ ಕಳಿಸಿದಳು?

ಆದರೆ ಇನ್ನೊಂದು ಮಾತಿದೆ. ನಮ್ಮ ಕಡೆ ಹುಟ್ಟದ ಕೂಸಿಗೆ ಯಾರೂ ಕುಲಾಯಿ ಹೊಲಿಯುವುದಿಲ್ಲ. ಹುಟ್ಟಿ, ತೊಟ್ಟಿಲಿಗೆ ಹಾಕುವ ದಿನ ಬರಬೇಕು. ಅದಕ್ಕೆ ಮೊದಲೇ ಯಾರಾದರೂ ಕುಲಾಯಿಗೆ ಬಟ್ಟೆ ತಂದರೆ ಬೈದು ವಾಪಸು ಕಳಿಸುತ್ತಿದ್ದವಳೇ ಚಿಗವ್ವ.

ಮರುದಿನ ಮೆಹಬೂಬ್ ಭಾಯಿಯನ್ನು ಶಾಲೆಯ ಗೇಟಿನಲ್ಲಿ ಹಿಡಿದೆ. ನನ್ನನ್ನು ಆಸ್ಪತ್ರೆಯ ಬಾಗಿಲಲ್ಲಿ ಒಮ್ಮೆ ನೋಡಿದ್ದವರು ಅವರು.

"ಚಿಗವ್ವಗ ಏನರ ಹೇಳಿದಿರೇನು ಭಾಯಿ?"

"ನಾ ಏನೂ ಹೇಳಿಲ್ರಿ ಅಕ್ಕಾ, ಖುದಾ ಕಸಮ್. ಅವರ ಒಂದು ಕೇಳಿದ್ರು. ನೀಲಿ ಜಡಿ ಎಷ್ಟು ಉದ್ದ ಆಗ್ಯದ ಅಂತ."

"ನೀವೇನಂದ್ರಿ?"

"ಹೆಣಮಕ್ಕಳ ಜಡಿ ನಾ ಯಾಕ ನೋಡಲ್ರಿ? ತಲಿಗೆ ಬಟ್ಟಿ ಕಟ್ಟಿರತಾರ ಅಂದೆ. ಅಷ್ಟ."

ಆ ವಾರವೇ ಫೋನ್ ಮಾಡಿ ಎಲ್ಲ ಹೇಳಿದೆ. ಎದೆಯ ಗಂಟು, ಆಪರೇಷನ್, ಬಾಟಲಿ, ಹೂಂ ಅಂದ ಅಳಿಯ, ಎಲ್ಲ. ಹೇಳಬೇಕಾದ ಮಾತುಗಳನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ, ನಡುವೆ ಅಕ್ಷರ ಕಾಣದಾಗಿ ಬಾಯಿಗೆ ಬಂದ ಹಾಗೆ ಹೇಳಿದೆ. ಅಳುತ್ತಾಳೆಂದು ಕಾದೆ. ಅಳಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ. ಆಮೇಲೆ ಎರಡೇ ಪ್ರಶ್ನೆ ಕೇಳಿದಳು.

"ಇನ್ನ ಎಷ್ಟು ಬಾಟಲಿ ಅದಾವ?"

"ಒಂದ."

"ಇವತ್ತ ಏನು ಉಂಡಿ?"

ಲಿಸ್ಸಿಯ ನಿಯಮ ಸುರಪುರದಲ್ಲಿ ಮೊದಲಿನಿಂದಲೂ ಇತ್ತೆಂದು ನನಗೆ ಆಗ ಹೊಳೆಯಿತು.

ಕೊನೆಯ ಬಾಟಲಿ ಮುಗಿದ ಮೇಲೆ ನಾವು ಊರಿಗೇ ಬಂದುಬಿಟ್ಟೆವು. ಗುಂಪು ಬಿಟ್ಟು ಬರುವಾಗ ಉಳಿದ ಮೂರೂ ಕರವಸ್ತ್ರ ಖರ್ಚಾದವು. ಈಗ ನಾನು ಇಲ್ಲೇ ಶಹಾಪುರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತೇನೆ, ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ. ರೆಹಾನಾ ಆಪಾ ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡಿ "ಕ್ಯಾ ಖಾಯೇ ಮಾ?", ಏನು ತಿಂದೆ, ಎನ್ನುತ್ತಾರೆ. ಕೊಡೇಕಲ್‌ಗೂ ಹೋಗಿ ಬಂದೆವು. ಹೆಣ್ಣಾಗಲಿ ಗಂಡಾಗಲಿ ಎಂದು ಹೊತ್ತ ಹರಕೆ, ಹೆಣ್ಣೇ ಹೋಗಿ ಬಂತು ಎಂದು ಇವರ ತಮಾಷೆ.

ಡೈರಿ ಓದಿ ಮುಗಿಸಿದ ಮರುದಿನ ಭಾನುವಾರ. ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ಜಂಪರಿಗೆ ಬಟ್ಟೆ ಒಯ್ದಿದ್ದೆ. ಚಿಗವ್ವ ನನ್ನನ್ನು ಬೆಳಕಿಗೆ ನಿಲ್ಲಿಸಿ ಟೇಪು ಹಿಡಿದಳು. ಆಪರೇಷನ್ ಆದ ಕಡೆ ಟೇಪು ಸ್ವಲ್ಪವೂ ತಡೆಯಲಿಲ್ಲ, ಎರಡೂ ಬದಿಯನ್ನು ಬೇರೆ ಬೇರೆ ಅಳೆದಳು, ಬೇರೆ ಬೇರೆಯಾಗಿ ಬರೆದುಕೊಂಡಳು. ಎಡಗಡೆ ಒಳಗೆ ಅರಳೆಯ ಪದರ ಇಟ್ಟು ಹೊಲಿದಳು. ಸಂಜೆ ತೊಟ್ಟು ನೋಡಿದರೆ ಒಂದು ದಾರದಷ್ಟೂ ಹೆಚ್ಚುಕಡಿಮೆ ಇಲ್ಲ. ಮಡಿಕೆಯಿಲ್ಲ, ಬೆಳೆಯುವುದಕ್ಕೆಂದು ಬಿಟ್ಟ ಬಟ್ಟೆಯಿಲ್ಲ. ಅಳತೆ ಅವಳಿಗೆ ಬರುತ್ತದೆ. ಯಾವಾಗಲೂ ಬರುತ್ತಿತ್ತು.

ಕುಬಸದ ಗಂಟಿನ ಮಾತನ್ನು ನಾವು ಇಲ್ಲಿಯವರೆಗೆ ಒಂದು ಸಲವೂ ಎತ್ತಿರಲಿಲ್ಲ. ಅವಳು ಕತ್ತರಿಸಿದ ಚೂರುಗಳನ್ನು ಆರಿಸುತ್ತ ಕೆಳಗೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ, ಕೇಳಿದೆ. ನಾನು ಕೇಳಿದ ಮಾತು ತಪ್ಪಬಾರದೆಂದು ತಿರುಗಿ ಬರುವಾಗ ಬಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೇನೆ. ಉತ್ತರಕ್ಕೆಂದು ಕೆಳಗೆ ಎರಡು ಸಾಲು ಜಾಗ ಬಿಟ್ಟಿದ್ದೇನೆ, ಅದು ಇನ್ನೂ ಖಾಲಿ ಇದೆ.

"ಚಿಗವ್ವಾ, ಆ ಕುಲಾಯಿ ಹೊಲಿಯಾಗ ನಿನ್ನ ಕಣ್ಣ ಮುಂದ ಯಾರ ತಲಿ ಇತ್ತು?"